ಪ್ಯಾರಾಥೈರಾಯ್ಡ್ ಮತ್ತು ಆಟೋಇಮ್ಯೂನ್ ಕಾಯಿಲೆ: ಕ್ಯಾಲ್ಸಿಯಂ ರಿಪೋರ್ಟನ್ನು ಒಂಟಿಯಾಗಿ ಓದಬೇಡಿ

(ಶಿವಮೊಗ್ಗದಲ್ಲಿ ಆಟೋಇಮ್ಯೂನ್ ಕಾಯಿಲೆ ಇರುವವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು. ಉಳಿದವರು ರುಮಟಾಯ್ಡ್ ಸಂಧಿವಾತ, ಲೂಪಸ್, ಟೈಪ್ 1 ಸಕ್ಕರೆ ಕಾಯಿಲೆ ಅಂತ ಔಷಧಿ ಮಾಡುತ್ತಿರುವವರು. ಹಾಗಾಗಿ ಆಟೋಇಮ್ಯೂನ್ ಅಂದರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿ ನಮ್ಮ ಮೈಮೇಲೇ ತಿರುಗಿ ಬೀಳುವುದು, ಅಷ್ಟೇ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಬೇರೆ ಒಂದು ಗ್ರಂಥಿಯ ಬಗ್ಗೆ. ಆಟೋಇಮ್ಯೂನ್ ಕಾಯಿಲೆ ಇದೆ ಅಂತ ಒಮ್ಮೆ ಗೊತ್ತಾದ ಮೇಲೆ, ಆಮೇಲೆ ಬರುವ ಪ್ರತಿಯೊಂದು ಸುಸ್ತು, ಪ್ರತಿಯೊಂದು ಮೈಕೈ ನೋವು ಅದರ ಲೆಕ್ಕಕ್ಕೇ ಹೋಗಿಬಿಡುತ್ತದೆ. 'ಥೈರಾಯ್ಡ್ ಇದೆಯಲ್ಲ, ಸುಸ್ತು ಇರೋದೇ' ಅಂತ ಮನೆಯವರೂ ಹೇಳುತ್ತಾರೆ, ಡಾಕ್ಟರೂ ಹೇಳುತ್ತಾರೆ, ಕೊನೆಗೆ ರೋಗಿಯೂ ಅದನ್ನೇ ನಂಬುತ್ತಾರೆ. ಇದು ನನಗೆ ತುಂಬಾ ಬೇಸರ ತರುವ ವಿಷಯ. ಯಾಕೆಂದರೆ ಅಂಥವರಲ್ಲಿ ಕೆಲವರ ತೊಂದರೆ ನಿಜವಾಗಿ ಇರುವುದು ಪ್ಯಾರಾಥೈರಾಯ್ಡಿನಲ್ಲಿ. ಅದು ಗೊತ್ತಾಗಲು ಬೇಕಾದದ್ದು ಎರಡು ಮೂರು ರಕ್ತ ಪರೀಕ್ಷೆ, ಮತ್ತು ಅವನ್ನು ಒಟ್ಟಿಗೆ ಇಟ್ಟು ಓದುವ ತಾಳ್ಮೆ.

ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುತ್ತವೆ, ಎಡಕ್ಕೆರಡು ಬಲಕ್ಕೆರಡು. ಒಂದೊಂದರ ತೂಕ ಸುಮಾರು 30ರಿಂದ 40 ಮಿಲಿಗ್ರಾಂ. ಇಷ್ಟು ಸಣ್ಣವಾದ್ದರಿಂದ ಇವು ಕಣ್ಣಿಗೆ ಬಿದ್ದದ್ದೇ ತಡವಾಗಿ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಒಂದು ಭಾರತದ ಘೇಂಡಾಮೃಗವನ್ನು ಕೊಯ್ದು ನೋಡುವಾಗ, 1850ರ ಸುಮಾರಿಗೆ, ರಿಚರ್ಡ್ ಓವನ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ಮನುಷ್ಯರಲ್ಲಿ ಇರುವುದನ್ನು ವಿವರವಾಗಿ ಬರೆದವರು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಆ ಕೆಲಸ ಶುರು ಮಾಡಿದಾಗ ಅವರಿನ್ನೂ ಓದುತ್ತಿದ್ದ ಹುಡುಗ.

ಥೈರಾಯ್ಡಿಗೂ ಇದಕ್ಕೂ ನೆರೆಹೊರೆಯ ಸಂಬಂಧ ಬಿಟ್ಟರೆ ಕೆಲಸದ ಸಂಬಂಧ ಇಲ್ಲ. ಪ್ಯಾರಾಥೈರಾಯ್ಡಿನ ಕೆಲಸ ಒಂದೇ: ರಕ್ತದಲ್ಲಿ ಕ್ಯಾಲ್ಸಿಯಂ ಕಾಯುವುದು. ನಮ್ಮ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ 99 ಪರ್ಸೆಂಟ್ ಮೂಳೆ ಹಲ್ಲುಗಳಲ್ಲೇ ಇದೆ. ರಕ್ತದಲ್ಲಿ ಓಡಾಡುವುದು ಬಹಳ ಕಡಿಮೆ, ಆದರೆ ನರ, ಸ್ನಾಯು, ಹೃದಯ ಎಲ್ಲದಕ್ಕೂ ಬೇಕಾದದ್ದು ಆ ಸ್ವಲ್ಪವೇ. 100 ಮಿಲಿಲೀಟರಿಗೆ ಸರಿಸುಮಾರು 8.5ರಿಂದ 10.5 ಮಿಲಿಗ್ರಾಂ. ಇದರ ಕೆಳಗೆ ಇಳಿಯುತ್ತಿದ್ದ ಹಾಗೆ ಗ್ರಂಥಿ ಪಿಟಿಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತದೆ. ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲಿ ತಡೆಯುತ್ತದೆ. ವಿಟಮಿನ್ ಡಿಯನ್ನು ಚುರುಕಾದ ರೂಪಕ್ಕೆ ತಂದು ಕರುಳಿನಿಂದ ಇನ್ನಷ್ಟು ಕ್ಯಾಲ್ಸಿಯಂ ಎಳೆಸುತ್ತದೆ. ಕ್ಯಾಲ್ಸಿಯಂ ಸಾಕಷ್ಟು ಆದ ಕೂಡಲೇ ಗ್ರಂಥಿ ಸುಮ್ಮನಾಗುತ್ತದೆ.

ಸಾಕಷ್ಟು ಆಯಿತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಇರುತ್ತದಲ್ವಾ, ನೀರು ಏರಿದ ಹಾಗೆ ಮೇಲೆದ್ದು ನೀರು ಬರುವುದನ್ನು ನಿಲ್ಲಿಸುವುದು? ಅಂಥದೊಂದು ಫ್ಲೋಟ್ ಗ್ರಂಥಿಯ ಪ್ರತಿ ಜೀವಕೋಶದ ಮೇಲೂ ಇದೆ. ಕ್ಯಾಲ್ಸಿಯಂ ಸೆನ್ಸಿಂಗ್ ರಿಸೆಪ್ಟರ್ ಅಂತ ಅದರ ಹೆಸರು. 1993ರಲ್ಲಿ ದನದ ಪ್ಯಾರಾಥೈರಾಯ್ಡ್ ಗ್ರಂಥಿಯಿಂದ ಇದರ ಜೀನ್ ಪತ್ತೆಯಾಯಿತು. ಈ ಫ್ಲೋಟನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಸುತ್ತವೇ ಇದೆ.

ಗ್ರಂಥಿ ಅತಿಯಾಗಿ ಕೆಲಸ ಮಾಡುವುದಕ್ಕೆ ಹೈಪರ್‌ಪ್ಯಾರಾಥೈರಾಯ್ಡಿಸಂ ಅಂತ ಹೆಸರು. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಗ್ರಂಥಿಯೇ ಕೆಡುವುದು. ನಾಲ್ಕರಲ್ಲಿ ಒಂದು ಗಂಟಾಗಿ ಬೆಳೆದು, ಫ್ಲೋಟ್ ಹೇಳಿದ್ದನ್ನು ಕೇಳದೆ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಇದು ಪ್ರೈಮರಿ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಒಂದೇ ಗಂಟು, ಅದೂ ಕ್ಯಾನ್ಸರ್ ಅಲ್ಲದ ಗಂಟು. ಕ್ಯಾನ್ಸರ್ ಆಗಿರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇಲ್ಲಿ ಕ್ಯಾಲ್ಸಿಯಂ ಜಾಸ್ತಿ, ಪಿಟಿಎಚ್‌ಕೂಡ ಜಾಸ್ತಿ. ಇನ್ನೊಂದು ದಾರಿಯಲ್ಲಿ ಗ್ರಂಥಿ ಸರಿಯಾಗೇ ಇದೆ, ಟ್ಯಾಂಕಿನಲ್ಲಿ ನೀರೇ ಇಲ್ಲ. ವಿಟಮಿನ್ ಡಿ ಕಡಿಮೆ, ಕರುಳು ಹೀರಿಕೊಳ್ಳುತ್ತಿಲ್ಲ, ಅಥವಾ ಕಿಡ್ನಿ ಸೋತಿದೆ. ಪಾಪ, ಗ್ರಂಥಿ ದುಡಿದು ದುಡಿದು ಹಾರ್ಮೋನು ಏರಿಸುತ್ತದೆ. ಇದು ಸೆಕೆಂಡರಿ. ಇಲ್ಲಿ ಪಿಟಿಎಚ್ ಜಾಸ್ತಿ, ಕ್ಯಾಲ್ಸಿಯಂ ಮಾತ್ರ ಕಡಿಮೆ ಅಥವಾ ಮಾಮೂಲು. ಹೀಗೆ ವರ್ಷಗಟ್ಟಲೆ ನಡೆದರೆ ಗ್ರಂಥಿಗಳು ಊದಿ, ಆಮೇಲೆ ಯಾರ ಮಾತೂ ಕೇಳದ ಸ್ಥಿತಿಗೆ ಬರುವುದೂ ಉಂಟು.

ಈಗ ಆಟೋಇಮ್ಯೂನ್ ವಿಷಯಕ್ಕೆ ಬರೋಣ. ಇಲ್ಲಿ ಬಹಳ ಗೊಂದಲ ಇದೆ.

ಆಟೋಇಮ್ಯೂನ್ ದಾಳಿ ಅಂದರೆ ಸಾಮಾನ್ಯವಾಗಿ ಗ್ರಂಥಿ ಹಾಳಾಗುವುದು. ಹಶಿಮೋಟೊದಲ್ಲಿ ಥೈರಾಯ್ಡ್ ಸೋಲುತ್ತದೆ, ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಸಾಯುತ್ತವೆ. ಪ್ಯಾರಾಥೈರಾಯ್ಡಿನ ಮೇಲೆ ಅಂಥ ದಾಳಿಯಾದರೂ ಗ್ರಂಥಿ ಸೋಲುತ್ತದೆ, ಕ್ಯಾಲ್ಸಿಯಂ ಕುಸಿಯುತ್ತದೆ. ಏರ್ ಎಂಬ ಒಂದು ಜೀನ್ ಕೆಟ್ಟ ಮಕ್ಕಳಲ್ಲಿ ಇದು ಕಾಣುತ್ತದೆ. ಬಾಯಲ್ಲಿ ಬಿಡದೆ ಕಾಡುವ ಫಂಗಸ್, ಆಮೇಲೆ ಕೈಬೆರಳು ಸೆಟೆಯುವಷ್ಟು ಕ್ಯಾಲ್ಸಿಯಂ ಇಳಿಕೆ, ಆಮೇಲೆ ಅಡ್ರಿನಲ್ ಗ್ರಂಥಿಯ ಸೋಲು. ಆ ಜೀನ್ ಗೊತ್ತಾದದ್ದು 1997ರಲ್ಲಿ. ಇದು ಬಹಳ ಅಪರೂಪ, ಮತ್ತು ನಾವು ಇವತ್ತು ಮಾತಾಡುತ್ತಿರುವುದಕ್ಕೆ ಪೂರ್ತಿ ಉಲ್ಟಾ. ಹೆಸರು ಮಾತ್ರ ಹೈಪರ್ ಬದಲು ಹೈಪೋ. ಇಂಟರ್ನೆಟ್ಟಿನಲ್ಲಿ ಓದುವಾಗ ಆ ಒಂದಕ್ಷರ ನೋಡಿಕೊಂಡು ಓದಿ.

ಹಾಗಾದರೆ ಆಟೋಇಮ್ಯೂನ್ ಕಾಯಿಲೆಯಿಂದ ಪ್ಯಾರಾಥೈರಾಯ್ಡ್ ನೇರವಾಗಿ ಅತಿಯಾಗಿ ಕೆಲಸ ಮಾಡುವುದು ಸಾಧ್ಯವೇ ಇಲ್ಲವಾ? ಸಾಧ್ಯ ಇದೆ. 2003ರಲ್ಲಿ ಬೋಸ್ಟನ್ನಿನ ವೈದ್ಯರು ನಾಲ್ಕು ಜನ ರೋಗಿಗಳ ಬಗ್ಗೆ ಬರೆದರು. ಎಲ್ಲರಿಗೂ ಕ್ಯಾಲ್ಸಿಯಂ ಜಾಸ್ತಿ. ಅವರಲ್ಲಿ ಒಬ್ಬರಿಗೆ ಸೀಲಿಯಾಕ್ ಎಂಬ ಕರುಳಿನ ಆಟೋಇಮ್ಯೂನ್ ಕಾಯಿಲೆ, ಮೂವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿ. ಹುಡುಕಿದರೆ ನಾಲ್ವರಲ್ಲೂ ಆ ಕ್ಯಾಲ್ಸಿಯಂ ರಿಸೆಪ್ಟರಿನ ವಿರುದ್ಧವೇ ಆಂಟಿಬಾಡಿ ಇತ್ತು. ಅಂದರೆ ಫ್ಲೋಟನ್ನು ಯಾರೋ ಕೆಳಗೆ ಹಿಡಿದಿಟ್ಟ ಹಾಗೆ. ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಗ್ರಂಥಿಗೆ ಅದು ಖಾಲಿ ಅಂತಲೇ ಅನ್ನಿಸುತ್ತದೆ. ಕಿಡ್ನಿಯಲ್ಲೂ ಇದೇ ಫ್ಲೋಟ್ ಇರುವುದರಿಂದ ಕಿಡ್ನಿಯೂ ಮೋಸ ಹೋಗಿ ಕ್ಯಾಲ್ಸಿಯಂ ಹೊರಗೆ ಬಿಡುವುದಿಲ್ಲ. ಹಾಗಾಗಿ ರಕ್ತದಲ್ಲಿ ಜಾಸ್ತಿ, ಮೂತ್ರದಲ್ಲಿ ಕಡಿಮೆ. ಮುಂದಿನ ವರ್ಷ ಬಂದ ಇನ್ನೊಂದು ವರದಿಯಲ್ಲಿ ಇಂಥದೇ ರೋಗಿಗೆ ಸ್ಟೀರಾಯ್ಡ್ ಕೊಟ್ಟಾಗ ಕ್ಯಾಲ್ಸಿಯಂ ಇಳಿಯಿತು. ಗಂಟೇ ಇಲ್ಲದ ಕಡೆ ಕುತ್ತಿಗೆ ಕೊಯ್ದರೆ ಏನು ಸಿಕ್ಕೀತು, ಅಲ್ವಾ?

ಇದನ್ನು ಇಷ್ಟು ವಿವರವಾಗಿ ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಜಗತ್ತಿನಲ್ಲೇ ಬೆರಳೆಣಿಕೆಯ ಜನರಲ್ಲಿ ಕಂಡದ್ದು ಇದು. ಆದರೆ ಇದರಿಂದ ಒಂದು ಪಾಠ ಎಲ್ಲರಿಗೂ ಸಿಗುತ್ತದೆ. ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಪ್ಯಾರಾಥೈರಾಯ್ಡ್ ಆಪರೇಷನ್ ಮಾಡುವ ಮುಂಚೆ 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ನೋಡಲೇಬೇಕು. ಕ್ಯಾನಿನಲ್ಲಿ ಇಡೀ ದಿನದ ಮೂತ್ರ ಹಿಡಿಯುವುದು ಕಿರಿಕಿರಿಯೇ, ಆದರೂ ಬಿಡಬೇಡಿ.

ಹಶಿಮೋಟೊ ಮತ್ತು ಪ್ಯಾರಾಥೈರಾಯ್ಡ್ ಗಂಟು ಒಬ್ಬರಲ್ಲೇ ಸಿಗುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಂದರಿಂದ ಇನ್ನೊಂದು ಬಂತು ಅಂತ ಹೇಳಲು ಸಾಕಷ್ಟು ಆಧಾರ ಇಲ್ಲ. ಎರಡೂ ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ಪ್ರೈಮರಿ ಪ್ಯಾರಾಥೈರಾಯ್ಡ್ ಕಾಯಿಲೆ ಒಬ್ಬ ಗಂಡಸಿಗೆ ಬಂದರೆ ಮೂರು ನಾಲ್ಕು ಹೆಂಗಸರಿಗೆ ಬರುತ್ತದೆ, ಅದೂ ಮುಟ್ಟು ನಿಂತ ಮೇಲೆ. ಜೊತೆಗೆ ಥೈರಾಯ್ಡಿಗೆ ಅಂತ ಕುತ್ತಿಗೆ ಸ್ಕ್ಯಾನ್ ಮಾಡಿಸಿದಾಗ ಹಿಂದಿನ ಗಂಟು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಇವೆರಡರ ಮಧ್ಯೆ ಕಾರಣ ಮತ್ತು ಪರಿಣಾಮದ ಗೆರೆ ಎಳೆಯಲು ಆತುರ ಬೇಡ. ಆದರೆ ಎರಡೂ ಒಟ್ಟಿಗಿರಬಹುದು ಅನ್ನುವುದು ಮಾತ್ರ ಡಾಕ್ಟರ ತಲೆಯಲ್ಲೂ ನಿಮ್ಮ ತಲೆಯಲ್ಲೂ ಇರಲಿ.

ಈಗ ರಿಪೋರ್ಟಿಗೆ ಬರೋಣ. ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸು ಅಂದುಕೊಳ್ಳಿ. ಐವತ್ತು ದಾಟಿದೆ. ಸಂಧಿವಾತಕ್ಕೆ ಔಷಧಿ ನಡೆಯುತ್ತಿದೆ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದಕ್ಕೆ ಗೋಡೆ ಹಿಡಿಯಬೇಕು. ಮಲಬದ್ಧತೆ, ನಿದ್ದೆ ಇಲ್ಲ, ಮನಸ್ಸಿಗೆ ಏನೋ ಮಂಕು. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ಬಾಳೆದಿಂಡಿನ ರಸ ಕುಡಿದು ಹೋಗಿದೆ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 10.3. ಪಕ್ಕದಲ್ಲಿ ಅಚ್ಚಾಗಿರುವ ಮಾಮೂಲು ಮಿತಿ 10.5ರವರೆಗೆ. ಎಲ್ಲರೂ ನಾರ್ಮಲ್ ಅಂದು ಮಡಿಚಿಡುತ್ತಾರೆ.

ಎರಡು ಸಾಲು ಕೆಳಗೆ ಆಲ್ಬುಮಿನ್ ಅಂತ ಇದೆ, 3.2. ಅದನ್ನು ಯಾರೂ ನೋಡಿಲ್ಲ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿಗೆ, ಮುಖ್ಯವಾಗಿ ಈ ಆಲ್ಬುಮಿನ್ನಿಗೆ, ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಇಳಿದರೆ ಒಟ್ಟು ಕ್ಯಾಲ್ಸಿಯಂ ಸಂಖ್ಯೆಯೂ ಸುಳ್ಳಾಗಿ ಇಳಿಯುತ್ತದೆ. ಲೆಕ್ಕ ಸುಲಭ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಿ. ಇಲ್ಲಿ 0.8 ಕಡಿಮೆ ಇದೆ. ಗುಣಿಸಿದರೆ 0.64. ಕೂಡಿಸಿದರೆ ಹತ್ತಿರ ಹತ್ತಿರ 10.9. ಈಗ ಅದು ನಾರ್ಮಲ್ ಅಲ್ಲ.

ಇದು ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಯಾಕೆ ಮುಖ್ಯ? ಮೈಯಲ್ಲಿ ಉರಿಯೂತ ಬಹಳ ದಿನ ಇದ್ದರೆ ಆಲ್ಬುಮಿನ್ ಇಳಿಯುತ್ತದೆ. ಲೂಪಸ್ ಕಿಡ್ನಿಗೆ ಬಂದು ಮೂತ್ರದಲ್ಲಿ ಪ್ರೋಟೀನ್ ಸೋರಿದರೆ ಇನ್ನೂ ಇಳಿಯುತ್ತದೆ. ಅಂದರೆ ಯಾರಲ್ಲಿ ಕ್ಯಾಲ್ಸಿಯಂ ಎಚ್ಚರದಿಂದ ನೋಡಬೇಕೋ, ಅವರಲ್ಲೇ ಆ ಸಂಖ್ಯೆ ಮರೆಮಾಚಿಕೊಳ್ಳುತ್ತದೆ. ಈ ಲೆಕ್ಕ ಒಂದು ಅಂದಾಜು ಮಾತ್ರ. ಅನುಮಾನ ಇದ್ದರೆ ಅಯಾನೈಸ್ಡ್ ಕ್ಯಾಲ್ಸಿಯಂ ಅಂತ ನೇರ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿ.

ಆ ಹೆಂಗಸಿನ ಪಿಟಿಎಚ್ 58 ಬಂತು ಅಂತಿಟ್ಟುಕೊಳ್ಳಿ. ಲ್ಯಾಬಿನ ಮಿತಿ 15ರಿಂದ 65. ಮತ್ತೆ ನಾರ್ಮಲ್ ಅಂದುಬಿಟ್ಟರೆ ಕೆಟ್ಟೆವು. ಕ್ಯಾಲ್ಸಿಯಂ ಏರಿದಾಗ ಸರಿಯಾದ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕು. ಪಿಟಿಎಚ್ ಮಿತಿಯ ಕೆಳಗೆ ಬಿದ್ದಿರಬೇಕು. ಇಷ್ಟು ಕ್ಯಾಲ್ಸಿಯಂ ಇದ್ದೂ 58 ಬಂದಿದೆ ಅಂದರೆ ಗ್ರಂಥಿ ಮಾತು ಕೇಳುತ್ತಿಲ್ಲ. ಎರಡು ಸಂಖ್ಯೆಗಳೂ ಬಿಡಿಬಿಡಿಯಾಗಿ ನೋಡಿದರೆ ಸರಿ. ಒಟ್ಟಿಗೆ ನೋಡಿದರೆ ಕಾಯಿಲೆ. ಇವತ್ತಿನ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಆಕೆಯ ಕೀಲು ನೋವಿನ ಬಗ್ಗೆಯೂ ಒಂದು ಮಾತು. ಪ್ಯಾರಾಥೈರಾಯ್ಡ್ ಜಾಸ್ತಿಯಾದವರ ಕೀಲಿನಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಕೂರಬಹುದು. ಮಂಡಿಯೋ ಮಣಿಕಟ್ಟೋ ಇದ್ದಕ್ಕಿದ್ದ ಹಾಗೆ ಊದಿ ಕೆಂಪಾಗುತ್ತದೆ. ಸಂಧಿವಾತ ಕೆರಳಿತು ಅಂತ ಸ್ಟೀರಾಯ್ಡ್ ಏರಿಸುತ್ತಾರೆ. ಎಕ್ಸ್‌ರೇಯಲ್ಲಿ ಮೆದು ಮೂಳೆಯ ಮೇಲೆ ಸಣ್ಣ ಬಿಳಿ ಗೆರೆ ಕಂಡರೆ ಕ್ಯಾಲ್ಸಿಯಂ ನೋಡಬೇಕು. ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುವವರೂ ಅಷ್ಟೇ. ಬಾಳೆದಿಂಡು ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಸಲ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.

ಇನ್ನು ಸೆಕೆಂಡರಿ. ನನ್ನ ಅಭಿಪ್ರಾಯದಲ್ಲಿ ಆಟೋಇಮ್ಯೂನ್ ಕಾಯಿಲೆಗೂ ಪ್ಯಾರಾಥೈರಾಯ್ಡಿಗೂ ಇರುವ ಗಟ್ಟಿ ಸಂಬಂಧ ಇಲ್ಲೇ ಇದೆ. ಇಲ್ಲಿ ಊಹೆ ಇಲ್ಲ, ದಾರಿ ಸ್ಪಷ್ಟ.

ನಮ್ಮ ಮಲೆನಾಡನ್ನೇ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಸರಿಯುವುದೇ ಅಪರೂಪ. ಉಳಿದ ತಿಂಗಳಲ್ಲಿ ಬಿಸಿಲಿದ್ದರೂ ಹೆಂಗಸರ ಕೆಲಸ ಒಳಗೇ, ಇಲ್ಲವೇ ತೋಟದ ನೆರಳಲ್ಲಿ. ಚರ್ಮಕ್ಕೆ ಬಿಸಿಲು ಬೀಳದಿದ್ದರೆ ವಿಟಮಿನ್ ಡಿ ಆಗುವುದಿಲ್ಲ. ಲೂಪಸ್ ಇರುವವರಿಗೆ ನಾವೇ ಬಿಸಿಲಿಗೆ ಹೋಗಬೇಡಿ ಅಂತ ಹೇಳಿರುತ್ತೇವೆ, ಯಾಕೆಂದರೆ ಬಿಸಿಲಿಗೆ ಕಾಯಿಲೆ ಕೆರಳುತ್ತದೆ. ಜೊತೆಗೆ ಸ್ಟೀರಾಯ್ಡ್ ಮಾತ್ರೆ. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರುವುದನ್ನು ಕಡಿಮೆ ಮಾಡುತ್ತದೆ, ಮೂತ್ರದಲ್ಲಿ ಹೆಚ್ಚು ಹೋಗುವ ಹಾಗೆ ಮಾಡುತ್ತದೆ, ಮೂಳೆ ಕಟ್ಟುವುದನ್ನೂ ತಡೆಯುತ್ತದೆ. ಕಿಡ್ನಿಗೂ ಪೆಟ್ಟು ಬಿದ್ದಿದ್ದರೆ ವಿಟಮಿನ್ ಡಿ ಚುರುಕಾಗುವುದೂ ನಿಲ್ಲುತ್ತದೆ. ಇಷ್ಟೆಲ್ಲ ಸೇರಿದಾಗ ಪ್ಯಾರಾಥೈರಾಯ್ಡ್ ಮೂಳೆಯನ್ನು ಕರಗಿಸಿ ರಕ್ತದ ಕ್ಯಾಲ್ಸಿಯಂ ಉಳಿಸುತ್ತದೆ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇರುತ್ತದೆ. ಸವೆಯುತ್ತಿರುವುದು ಸೊಂಟದ ಮೂಳೆ.

ವಿಟಮಿನ್ ಡಿ ಬರೀ ಮೂಳೆಯ ವಿಷಯ ಅಲ್ಲ. ರೋಗನಿರೋಧಕ ಕೋಶಗಳ ಮೇಲೂ ಅದಕ್ಕೆ ರಿಸೆಪ್ಟರ್ ಇದೆ. ಅಮೆರಿಕದಲ್ಲಿ ಸುಮಾರು 26,000 ಜನರ ಮೇಲೆ ಐದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಒಂದು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ. 2022ರಲ್ಲಿ ಫಲಿತಾಂಶ ಬಂತು. ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬಂದವರು ಮೊದಲ ಗುಂಪಿನಲ್ಲಿ 123, ಎರಡನೆಯದರಲ್ಲಿ 155. ಶೇಕಡಾ 22ರಷ್ಟು ಕಡಿಮೆ. ಇದು ಆಸೆ ಹುಟ್ಟಿಸುವ ಫಲಿತಾಂಶ. ಆದರೆ ಹದಿಮೂರು ಸಾವಿರ ಜನರಲ್ಲಿ ಮೂವತ್ತೆರಡು ಜನರ ವ್ಯತ್ಯಾಸ ಅನ್ನುವುದನ್ನೂ ನೋಡಿ. ಇರುವ ಕಾಯಿಲೆ ವಾಸಿಯಾಯಿತು ಅಂತ ಅವರು ಹೇಳಲಿಲ್ಲ. ಕೊರತೆ ಇದ್ದವರು ತಗೊಳ್ಳಲೇಬೇಕು. ಲೂಪಸ್ ವಾಸಿಯಾಗುತ್ತದೆ ಅಂತ ಮುಷ್ಟಿಗಟ್ಟಲೆ ನುಂಗಬಾರದು.

ನುಂಗುವವರು ಇದ್ದಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಯೂನಿಟ್ ಪುಡಿಯ ಸ್ಯಾಚೆ ನಿಮಗೆಲ್ಲ ಗೊತ್ತು. ವಾರಕ್ಕೊಂದು, ಎಂಟು ವಾರ ಅಂತ ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ಮುಂದುವರಿಸುವವರಿದ್ದಾರೆ. ಆಗ ಕ್ಯಾಲ್ಸಿಯಂ ಏರುತ್ತದೆ, ವಾಂತಿ, ಬಾಯಾರಿಕೆ, ಕಿಡ್ನಿಗೆ ಪೆಟ್ಟು. ಆದರೆ ಅಲ್ಲಿ ಪಿಟಿಎಚ್ ತಳ ಮುಟ್ಟಿರುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಥೈರಾಯ್ಡ್ ಬಹಳ ಏರಿದಾಗ, ಅಡ್ರಿನಲ್ ಸೋತಾಗ ಕೂಡ ಕ್ಯಾಲ್ಸಿಯಂ ಏರಬಹುದು, ಅಲ್ಲೂ ಪಿಟಿಎಚ್ ಇಳಿದಿರುತ್ತದೆ. ಹಾಗಾಗಿ ಜೋಡಿಯಾಗಿ ನೋಡಿ ಅಂತ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಇನ್ನೊಂದು ದಾರಿ ಕರುಳಿನದು. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್‌ಗೆ ಮೈ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರ ಸವೆಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಯಾವುದೂ ಒಳಗೆ ಹೋಗುವುದಿಲ್ಲ. ಪಿಟಿಎಚ್ ಏರುತ್ತದೆ. ಇದು ಉತ್ತರದವರ ಕಾಯಿಲೆ, ನಾವು ಅನ್ನ ತಿನ್ನುವವರು ಅಂತ ಕೈಬಿಡುತ್ತೇವೆ. ಉತ್ತರದಲ್ಲಿ ಜಾಸ್ತಿ ಅನ್ನುವುದು ನಿಜ. ಆದರೆ ಸಕ್ಕರೆ ಕಾಯಿಲೆ ಅಂದ ಕೂಡಲೇ ನಮ್ಮ ಮನೆಗಳಲ್ಲೂ ರಾತ್ರಿ ಚಪಾತಿ ಶುರುವಾಗಿದೆ. ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬೇಕರಿ ಬನ್ನು. ಟೈಪ್ 1 ಸಕ್ಕರೆ ಕಾಯಿಲೆ ಮತ್ತು ಹಶಿಮೋಟೊ ಇರುವವರಲ್ಲಿ ಸೀಲಿಯಾಕ್ ಬೇರೆಯವರಿಗಿಂತ ಹೆಚ್ಚು. ಕಬ್ಬಿಣದ ಮಾತ್ರೆ ಎಷ್ಟು ತಿಂದರೂ ರಕ್ತ ಏರದಿದ್ದರೆ, ವಿಟಮಿನ್ ಡಿ ಕೊಟ್ಟಷ್ಟೂ ನಿಲ್ಲದಿದ್ದರೆ, ಟಿಟಿಜಿ ಎಂಬ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಕಾಯಿಲೆ ಖಚಿತವಾದರೆ ಔಷಧಿ ಅಂದರೆ ಪಥ್ಯವೇ. ಈ ಪಥ್ಯ ಮಲೆನಾಡಿನವರಿಗೆ ಅಷ್ಟು ಕಷ್ಟ ಅಲ್ಲ. ಅಕ್ಕಿ ರೊಟ್ಟಿ, ಕಡುಬು, ನೀರುದೋಸೆ, ರಾಗಿ ಎಲ್ಲಾ ನಡೆಯುತ್ತದೆ. ತಪ್ಪುವುದು ಎಲ್ಲಿ ಗೊತ್ತಾ? ಒಗ್ಗರಣೆಯಲ್ಲಿ. ಡಬ್ಬಿಯ ಹಿಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಚಪಾತಿ ಬಿಟ್ಟೆ, ರವೆ ಬಿಟ್ಟೆ ಅನ್ನುವವರ ಮನೆಯ ಸಾರಿನಲ್ಲಿ ದಿನಾ ಚಿಟಿಕೆ ಗ್ಲೂಟನ್ ಹೋಗುತ್ತಿರುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ತನ್ನಿ. ಪಥ್ಯ ಸರಿಯಾಗಿ ನಡೆದರೆ ಕರುಳು ಚೇತರಿಸಿಕೊಂಡು, ತಿಂಗಳುಗಳು ಹೋದ ಹಾಗೆ ಪಿಟಿಎಚ್ ತಾನಾಗಿ ಇಳಿಯುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: 'ಡಾಕ್ಟ್ರೇ, ಎಲೆ ಅಡಿಕೆಗೆ ಸುಣ್ಣ ಹಚ್ತೀವಲ್ಲ, ಅದೂ ಕ್ಯಾಲ್ಸಿಯಮ್ಮೇ ಅಲ್ವಾ?'

ಹೌದು, ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ದಿನಕ್ಕೆ ಬಹಳ ಸಲ ಕವಳ ಹಾಕುವವರಲ್ಲಿ ಸುಣ್ಣದಿಂದಲೇ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲಿ ಗ್ರಂಥಿಯದ್ದೇನೂ ತಪ್ಪಿಲ್ಲ, ಪಿಟಿಎಚ್ ಇಳಿದಿರುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಕವಳ ಹಾಕುವುದನ್ನು ಯಾರೂ ಔಷಧಿ ಪಟ್ಟಿಯಲ್ಲಿ ಬರೆಸುವುದಿಲ್ಲ. ಅಡಿಕೆ ನಮ್ಮ ಜಿಲ್ಲೆಯ ಅನ್ನ, ನನಗೂ ಗೊತ್ತು. ಆದರೂ ಬಾಯಿ ಕ್ಯಾನ್ಸರಿನ ಕಾರಣಕ್ಕೇ ಅದನ್ನು ಬಿಡಿ ಅಂತ ಹೇಳಬೇಕಾದದ್ದು ನನ್ನ ಕೆಲಸ.

ಒಬ್ಬ ಅಮ್ಮ ಕೇಳಿದ್ದು: 'ಕ್ಯಾಲ್ಸಿಯಂ ಜಾಸ್ತಿ ಅಂದ್ರೆ ಹಾಲು, ರಾಗಿ ಎಲ್ಲಾ ಬಿಡಬೇಕಾ?'

ಬೇಡ. ಪ್ರೈಮರಿ ಕಾಯಿಲೆಯಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಬರುವುದು ಮೂಳೆಯಿಂದ. ಊಟದಲ್ಲಿ ಕಡಿಮೆ ಮಾಡಿದರೆ ಗ್ರಂಥಿ ಇನ್ನಷ್ಟು ಕೆರಳಿ ಮೂಳೆಯನ್ನೇ ಕೀಳುತ್ತದೆ. ಮಾಮೂಲಾಗಿ ತಿನ್ನಿ, ನೀರು ಚೆನ್ನಾಗಿ ಕುಡಿಯಿರಿ. ವಿಟಮಿನ್ ಡಿ ಕಡಿಮೆ ಇದ್ದರೆ ಡಾಕ್ಟರ ಕಣ್ಣೆದುರಿಗೆ ನಿಧಾನವಾಗಿ ತುಂಬಿಸಿಕೊಳ್ಳಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಕೇಳದೆ ತಗೊಳ್ಳಬೇಡಿ.

ಆಪರೇಷನ್ ಎಲ್ಲರಿಗೂ ಬೇಕಾ ಅಂತ ಇನ್ನೊಬ್ಬರು ಕೇಳಿದರು. ಸೆಕೆಂಡರಿಗೆ ಸಾಮಾನ್ಯವಾಗಿ ಬೇಡ, ಕಾರಣ ಸರಿಪಡಿಸಿದರೆ ಸಾಕು. ಪ್ರೈಮರಿಗೆ ವಾಸಿಯಾಗುವ ದಾರಿ ಅಂದರೆ ಆಪರೇಷನ್. ವಯಸ್ಸು 50ಕ್ಕಿಂತ ಕಡಿಮೆ ಇದ್ದರೆ, ಕ್ಯಾಲ್ಸಿಯಂ ಮಿತಿಗಿಂತ ಒಂದು ಮಿಲಿಗ್ರಾಂಗೂ ಹೆಚ್ಚು ದಾಟಿದ್ದರೆ, ಮೂಳೆ ಟೊಳ್ಳಾಗಿದ್ದರೆ ಅಥವಾ ಮುರಿದಿದ್ದರೆ, ಕಿಡ್ನಿಯಲ್ಲಿ ಕಲ್ಲಿದ್ದರೆ ಅಥವಾ ಕಿಡ್ನಿ ಸೋಲುತ್ತಿದ್ದರೆ ತಡ ಮಾಡಬಾರದು. ಮೊದಲ ಆಪರೇಷನ್ ಮಾಡಿದ್ದು 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್. ಆ ಕಾಲದಲ್ಲಿ ಗಂಟು ಹುಡುಕುವುದೇ ದೊಡ್ಡ ಪಾಡು. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಮೂಳೆ ಕುಸಿದು ಏಳು ಇಂಚು ಕುಳ್ಳಾಗಿದ್ದರು. ಆರು ಆಪರೇಷನ್ನಿನಲ್ಲಿ ಸಿಗದ ಗಂಟು ಏಳನೆಯದರಲ್ಲಿ, 1932ರಲ್ಲಿ, ಎದೆಗೂಡಿನೊಳಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಮೈ ಸೋತಿತ್ತು, ಕೆಲವೇ ವಾರಗಳಲ್ಲಿ ತೀರಿಕೊಂಡರು. ಈಗ ಅಲ್ಟ್ರಾಸೌಂಡ್ ಇದೆ, ಸೆಸ್ಟಾಮಿಬಿ ಸ್ಕ್ಯಾನ್ ಇದೆ. ಆಪರೇಷನ್ ಟೇಬಲ್ ಮೇಲೇ ಪಿಟಿಎಚ್ ಅಳೆಯುವ ಸೌಲಭ್ಯ ಇದ್ದರೆ, ಗಂಟು ತೆಗೆದ 10 ನಿಮಿಷದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿಯುವುದನ್ನು ನೋಡಬಹುದು. ಹಶಿಮೋಟೊ ಇದ್ದರೆ ಆಪರೇಷನ್ ಮಾಡುವವರಿಗೆ ಮುಂಚೆಯೇ ತಿಳಿಸಿ. ಊದಿದ ಥೈರಾಯ್ಡಿನ ಹಿಂದೆ, ದಪ್ಪಗಾದ ಲಿಂಫ್ ಗ್ರಂಥಿಗಳ ನಡುವೆ ಪ್ಯಾರಾಥೈರಾಯ್ಡ್ ಹುಡುಕುವುದು ಸ್ವಲ್ಪ ಕಷ್ಟ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುವ ಒಬ್ಬ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದಿತ್ತು. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಮಷೀನುಗಳಲ್ಲಿ ಥೈರಾಯ್ಡಿಗೆ ನೋಡುವ ಟಿಎಸ್‌ಎಚ್ ಮತ್ತು ಪಿಟಿಎಚ್ ಎರಡನ್ನೂ ಸುಳ್ಳಾಗಿ ಕಡಿಮೆ ತೋರಿಸಬಹುದು. ಪರೀಕ್ಷೆಗೆ ಕೆಲವು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಹಾಗೆಯೇ ಬಿಪಿಗೆ ಕೊಡುವ ಥಯಜೈಡ್ ಮಾತ್ರೆ, ಮನೋರೋಗಕ್ಕೆ ಕೊಡುವ ಲಿಥಿಯಂ ಇವೆರಡೂ ಕ್ಯಾಲ್ಸಿಯಂ ಏರಿಸಬಹುದು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ.

ಕೊನೆಯಲ್ಲಿ ಒಬ್ಬರು, ತಮಗೆ ಗಂಟು ಸಿಕ್ಕಿದೆ, ಹೆಣ್ಣುಮಕ್ಕಳಿಗೂ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದರು. ನಿಮಗೆ ವಯಸ್ಸಾದ ಮೇಲೆ ಒಂದೇ ಗಂಟು ಬಂದಿದ್ದರೆ ಹೆಚ್ಚಾಗಿ ಅದು ವಂಶದಲ್ಲಿ ಹರಿಯುವುದಲ್ಲ. ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಊದಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೂ ಕ್ಯಾಲ್ಸಿಯಂ ಜಾಸ್ತಿ ಇದ್ದರೆ, ಆಗ ಮಕ್ಕಳದ್ದೂ ನೋಡಬೇಕು, ಜೀನ್ ಪರೀಕ್ಷೆಯ ಬಗ್ಗೆಯೂ ಮಾತಾಡಬೇಕು. ಮೊದಲ ಹೆಜ್ಜೆಗೆ ಪಿಟಿಎಚ್ ಕೂಡ ಬೇಡ. ಕ್ಯಾಲ್ಸಿಯಂ, ಆಲ್ಬುಮಿನ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಸಾಕು, ಇವು ದುಬಾರಿ ಪರೀಕ್ಷೆಗಳಲ್ಲ. ರಕ್ತ ತೆಗೆಯುವಾಗ ತೋಳಿಗೆ ಕಟ್ಟಿದ ಪಟ್ಟಿಯನ್ನು ಬಹಳ ಹೊತ್ತು ಬಿಗಿಯಾಗಿ ಬಿಡಬಾರದು, ಬಿಟ್ಟರೆ ಕ್ಯಾಲ್ಸಿಯಂ ಸುಳ್ಳಾಗಿ ಏರಿ ತೋರುತ್ತದೆ. ಸಂಖ್ಯೆ ಜಾಸ್ತಿ ಬಂದರೆ ಗಾಬರಿ ಬೇಡ, ಇನ್ನೊಂದು ಸಲ ಮಾಡಿಸಿ. ಎರಡನೇ ಸಲವೂ ಜಾಸ್ತಿ ಬಂದರೆ ಆಗ ಅದೇ ರಕ್ತದಲ್ಲಿ ಪಿಟಿಎಚ್ ಮತ್ತು ವಿಟಮಿನ್ ಡಿ ನೋಡಿಸಿ.